ಸ್ಟ್ಯಾಂಡಿನ ಕೆಳಗೆ ನಿಂತು ಕೇಳಿದ ಸೀಸನ್

2017ರ ಐಪಿಎಲ್‌ನಲ್ಲಿ ಆರ್‌ಸಿಬಿ ಕಟ್ಟಕಡೆಯ ಸ್ಥಾನಕ್ಕೆ ಬಂತು. 2019ರಲ್ಲೂ ಅದೇ ಕಥೆ. ನಾವೇನು ಮಾಡಿದ್ವಿ? ನಾಲ್ಕು ಮೀಮ್ ಫಾರ್ವರ್ಡ್ ಮಾಡಿ, ಮುಂದಿನ ಸಲ ನೋಡೋಣ ಅಂತ ಮಲಗಿದ್ವಿ. ಮುಂದಿನ ವರ್ಷ ಅದೇ ತಂಡ, ಅದೇ ಲೀಗು, ಅದೇ ಎದುರಾಳಿಗಳು. ಸೋತಿದ್ದಕ್ಕೆ ಬೇಜಾರು ಬಿಟ್ಟರೆ ಬೇರೆ ಯಾವ ದಂಡವೂ ಇಲ್ಲ.

ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಹಾಗಲ್ಲ. ಪ್ರೀಮಿಯರ್ ಲೀಗಿನ 20 ತಂಡಗಳಲ್ಲಿ ಕೊನೆಯ ಮೂರು ಸೀದಾ ಕೆಳಗಿನ ಲೀಗಿಗೆ ಹೋಗಬೇಕು. ಆ ಕೆಳಗಿನ ಲೀಗಿನ ಹೆಸರು ಚಾಂಪಿಯನ್‌ಷಿಪ್! ಬಿದ್ದವರು ಹೋಗುವ ಜಾಗಕ್ಕೆ ಇಂಥ ಹೆಸರಿಟ್ಟವರ ಹಾಸ್ಯಪ್ರಜ್ಞೆಗೆ ಒಂದು ನಮಸ್ಕಾರ. ಪ್ರೀಮಿಯರ್ ಲೀಗಿನಲ್ಲಿ ಕೊನೆಗೆ ಬಂದ ತಂಡಕ್ಕೂ ಟಿವಿ ಹಣದ ಪಾಲು ಅಂತ ವರ್ಷಕ್ಕೆ ಹೆಚ್ಚುಕಡಿಮೆ 10 ಕೋಟಿ ಪೌಂಡ್ ಸಿಗುತ್ತೆ. ಕೆಳಗಿನ ಲೀಗಿನ ಒಂದು ಸಾಮಾನ್ಯ ಕ್ಲಬ್ಬಿಗೆ ಸಿಗುವುದು ಅದರ ಹತ್ತನೇ ಒಂದು ಭಾಗದ ಆಸುಪಾಸು. ಒಂದು ಪೌಂಡ್ ಅಂದ್ರೆ ನೂರು ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ, ಆ ಏಣಿಯಿಂದ ಬಿದ್ದರೆ ಎಷ್ಟು ಪೆಟ್ಟಾಗುತ್ತೆ ಅಂತ ಗೊತ್ತಾಗುತ್ತೆ.

ಇದೆಲ್ಲ ನನಗೆ ಗೊತ್ತಾಗಿದ್ದು ಟಿವಿ ನೋಡಿ ಅಲ್ಲ. ನಾನು ದಾವಣಗೆರೆಯವಳು, ಓದಿದ್ದು ಬಿಕಾಂ. 2022ರ ಸೆಪ್ಟೆಂಬರಿನಲ್ಲಿ ಅಕೌಂಟಿಂಗ್‌ನಲ್ಲಿ ಒಂದು ವರ್ಷದ ಎಂಎಸ್ಸಿ ಮಾಡಲಿಕ್ಕೆ ಎಜುಕೇಶನ್ ಲೋನ್ ಹೊತ್ತುಕೊಂಡು ಲೆಸ್ಟರ್ ಊರಿಗೆ ಹೋದೆ. ಸ್ಟೂಡೆಂಟ್ ವೀಸಾದಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಒಂದು ಏಜೆನ್ಸಿ ಮೂಲಕ ನನಗೆ ಸಿಕ್ಕಿದ್ದು ಲೆಸ್ಟರ್ ಸಿಟಿ ಕ್ಲಬ್ಬಿನ ಕಿಂಗ್ ಪವರ್ ಸ್ಟೇಡಿಯಮ್ಮಿನಲ್ಲಿ ಮ್ಯಾಚ್ ದಿನ ಪೈ, ಚಿಪ್ಸ್, ಟೀ ಮಾರುವ ಕೆಲಸ. ಗಂಟೆಗೆ 9 ಪೌಂಡ್ 50 ಪೆನ್ಸ್.

‘ಅಯ್ಯೋ, ಪುಕ್ಕಟೆ ಮ್ಯಾಚ್ ನೋಡ್ತೀಯ’ ಅಂತ ಗೆಳತಿಯರು ಹೊಟ್ಟೆ ಉರಿಸಿಕೊಂಡರು. ಮ್ಯಾಚು? ನಮ್ಮ ಕೌಂಟರ್ ಇದ್ದಿದ್ದು ಸ್ಟ್ಯಾಂಡಿನ ಕೆಳಗೆ, ಕಾಂಕ್ರೀಟಿನ ಉದ್ದನೆ ಓಣಿಯಲ್ಲಿ. ಮೇಲೆ 32 ಸಾವಿರ ಜನ, ಕೆಳಗೆ ನಾವು ಮತ್ತು ಬಿಸಿ ಪೈಗಳ ಟ್ರೇಗಳು. ಮೈದಾನದ ಹುಲ್ಲು ಕೂಡ ಕಾಣಲ್ಲ. ಆದರೆ ಕೇಳುತ್ತೆ. ಮೂರ್ನಾಲ್ಕು ಮ್ಯಾಚ್ ಆಗುವಷ್ಟರಲ್ಲಿ ಕಿವಿಯಲ್ಲೇ ಸ್ಕೋರು ಹೇಳುವ ಅಭ್ಯಾಸ ಆಯ್ತು. ನಮ್ಮವರು ಗೋಲು ಹೊಡೆದರೆ ಸೀಲಿಂಗ್ ನಡುಗಿ, ನೇತುಹಾಕಿದ ಸೌಟುಗಳು ಟಣಟಣ ಅಂತಿದ್ವು. ಎದುರಾಳಿ ಹೊಡೆದರೆ ತಲೆ ಮೇಲೆ ಏನೂ ಇಲ್ಲ. ದೂರದ ಒಂದು ಮೂಲೆಯಿಂದ ಮಾತ್ರ ಸಣ್ಣ ಕೂಗು, ಪಕ್ಕದ ಬೀದಿಯಲ್ಲಿ ಯಾರದ್ದೋ ಮದುವೆ ಮೆರವಣಿಗೆ ಹೋದ ಹಾಗೆ. ಆ ವರ್ಷ ಆ ಮೆರವಣಿಗೆ ಬಹಳ ಸಲ ಹೋಯಿತು.

ನನ್ನ ಪಕ್ಕದ ಕೌಂಟರಿನಲ್ಲಿದ್ದವರು ಅರವತ್ತು ದಾಟಿದ ಗುಜರಾತಿ ಹೆಂಗಸು. ಎಲ್ಲರೂ ಮಾಸಿ ಅಂತಿದ್ರು, ನಾನೂ ಹಾಗೇ ಕರೆದೆ. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನು ಓಡಿಸಿದಾಗ ಅಪ್ಪ ಅಮ್ಮನ ಜೊತೆ ಬಂದವರು. ಕಾಲುಚೀಲ, ಬನಿಯನ್ ಹೆಣೆಯುವ ಕಾರ್ಖಾನೆಯಲ್ಲಿ ಬಹಳ ವರ್ಷ ದುಡಿದಿದ್ದರು. ಲೆಸ್ಟರ್ ಅಂಥಾ ಕಾರ್ಖಾನೆಗಳ ಊರಾಗಿತ್ತು, ಈಗ ಬಹುಪಾಲು ಮುಚ್ಚಿವೆ. ನಮ್ಮ ಊರಿನ ಕಥೆ ಕೇಳಿದ ಹಾಗಿತ್ತು ನನಗೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರಲ್ಲ ದಾವಣಗೆರೆನ, ಅಲ್ಲಿ ಹತ್ತಿ ಮಿಲ್ಲಿನ ಸ್ಪಿನ್ನಿಂಗ್ ಖಾತೆಯಲ್ಲಿದ್ದವರು ನಮ್ಮಜ್ಜ.

ಅಕ್ಟೋಬರಿನಲ್ಲಿ ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಲೆಸ್ಟರ್ ಏಳು ಮ್ಯಾಚ್ ಆಡಿ ಒಂದೇ ಒಂದು ಪಾಯಿಂಟ್ ತಗೊಂಡಿತ್ತು. ಆದರೂ ಕೌಂಟರಿಗೆ ಬಂದವರೆಲ್ಲ ಒಂದೇ ಮಾತು ಹೇಳೋರು: ‘ಈ ತಂಡ ಬೀಳಲ್ಲ ಬಿಡಿ. ಮ್ಯಾಡಿಸನ್ ಇದ್ದಾನೆ, ಟೀಲೆಮನ್ಸ್ ಇದ್ದಾನೆ, ಬಾರ್ನ್ಸ್ ಇದ್ದಾನೆ, ವಾರ್ಡಿ ಇದ್ದಾನೆ.’ ಅವರ ನಂಬಿಕೆಗೆ ಕಾರಣವೂ ಇತ್ತು. 2016ರಲ್ಲಿ 5000ಕ್ಕೆ 1ರ ಬಾಜಿ ಇದ್ದ ತಂಡ ಪ್ರೀಮಿಯರ್ ಲೀಗ್ ಗೆದ್ದಿತ್ತು. 2020, 2021 ಎರಡೂ ವರ್ಷ ಐದನೇ ಸ್ಥಾನ. 2021ರ ಮೇ ತಿಂಗಳಲ್ಲಿ ಚೆಲ್ಸಿಯನ್ನು 1–0ರಲ್ಲಿ ಸೋಲಿಸಿ ಎಫ್‌ಎ ಕಪ್ ಗೆದ್ದಿತ್ತು. ಆ ಗೋಲು ಟೀಲೆಮನ್ಸ್‌ದು. ಊರ ಹೊರಗೆ ಸೀಗ್ರೇವ್‌ನಲ್ಲಿ ಸುಮಾರು 10 ಕೋಟಿ ಪೌಂಡ್ ಸುರಿದು ಕಟ್ಟಿದ ಟ್ರೇನಿಂಗ್ ಗ್ರೌಂಡು ಬೇರೆ. ಇಷ್ಟೆಲ್ಲ ಇರುವ ಮನೆ ದಿವಾಳಿ ಆಗುತ್ತೆ ಅಂದ್ರೆ ಯಾರು ನಂಬ್ತಾರೆ?

ನಂಬುವಂತೆ ಮಾಡಿದ್ದು ನನ್ನ ಕಾಲೇಜಿನ ಅಸೈನ್‌ಮೆಂಟ್. ಯಾವುದಾದರೂ ಕಂಪನಿಯ ವಾರ್ಷಿಕ ಲೆಕ್ಕಪತ್ರ ಓದಿ ಬರೀರಿ ಅಂದಿದ್ರು. ಎಲ್ಲರೂ ಬ್ಯಾಂಕು, ಸೂಪರ್ ಮಾರ್ಕೆಟ್ಟು ಅಂತ ಹೋದರೆ ನಾನು ನಮ್ಮ ಕ್ಲಬ್ಬನ್ನೇ ಹಿಡಿದೆ. 2021–22ರ ವರ್ಷಕ್ಕೆ ಕ್ಲಬ್ಬಿನ ನಷ್ಟ 9.25 ಕೋಟಿ ಪೌಂಡ್. ಆ ವರ್ಷ ತಂಡ ಬಂದಿದ್ದು ಎಂಟನೇ ಸ್ಥಾನ, ಯುರೋಪಿನ ಒಂದು ಟೂರ್ನಿಯಲ್ಲಿ ಸೆಮಿಫೈನಲ್. ಅಂದ್ರೆ ಎಲ್ಲ ಚೆನ್ನಾಗಿರುವಾಗಲೇ ಇಷ್ಟು ನಷ್ಟ! ಎರಡು ವರ್ಷ ಐದನೇ ಸ್ಥಾನ ಬಂದಿದ್ದಕ್ಕೆ ಸಂಬಳಗಳು ಐದನೇ ಸ್ಥಾನದ ಲೆಕ್ಕದಲ್ಲೇ ಏರಿದ್ದವು. ಆದರೆ ಎರಡೂ ಸಲ ಸೀಸನ್ನಿನ ಕೊನೇ ದಿನ ಚಾಂಪಿಯನ್ಸ್ ಲೀಗು ಕೈತಪ್ಪಿತ್ತು. ಆ ದೊಡ್ಡ ಹಣ ಬರಲೇ ಇಲ್ಲ. ಪ್ರಮೋಷನ್ ಆಗುತ್ತೆ ಅಂತ ಮೊದಲೇ ಕಾರಿನ ಇಎಂಐ ಶುರು ಮಾಡಿಕೊಂಡ ಹಾಗೆ.

ಸಾಲದ್ದಕ್ಕೆ ಮಾಲೀಕರ ಮೂಲ ವ್ಯಾಪಾರ ಥಾಯ್ಲೆಂಡಿನ ಏರ್‌ಪೋರ್ಟುಗಳಲ್ಲಿ ಡ್ಯೂಟಿ ಫ್ರೀ ಅಂಗಡಿಗಳು. ಕೋವಿಡ್‌ನಲ್ಲಿ ವಿಮಾನವೇ ಹಾರದಿದ್ದಾಗ ಅಲ್ಲಿಂದ ಹಣ ಹರಿಯುವುದು ಎಲ್ಲಿ? ಕ್ಲಬ್ಬನ್ನು 2010ರಲ್ಲಿ ಕೊಂಡು ಮೇಲೆತ್ತಿದ ವಿಚೈ ಶ್ರೀವದ್ಧನಪ್ರಭ 2018ರಲ್ಲಿ ಸ್ಟೇಡಿಯಮ್ಮಿನ ಹೊರಗೇ ಹೆಲಿಕಾಪ್ಟರ್ ಬಿದ್ದು ತೀರಿಕೊಂಡಿದ್ದರು. ಅವರ ಮಗ ನಡೆಸುತ್ತಿದ್ದರು. ಊರಿನವರು ಈಗಲೂ ವಿಚೈ ಬಗ್ಗೆ ಮಾತಾಡುವಾಗ ದನಿ ತಗ್ಗಿಸ್ತಾರೆ. ಆ ಗೌರವದಿಂದಲೇ ಬಹಳ ಜನ ಲೆಕ್ಕದ ಪ್ರಶ್ನೆ ಕೇಳಲಿಲ್ಲ ಅಂತ ನನಗೆ ಅನ್ನಿಸುತ್ತೆ.

ಫುಟ್‌ಬಾಲ್ ಕ್ಲಬ್ಬಿನ ಲೆಕ್ಕದಲ್ಲಿ ನನಗೆ ವಿಚಿತ್ರ ಅನ್ನಿಸಿದ್ದು ಆಟಗಾರರ ಬೆಲೆ. ಐದು ವರ್ಷದ ಒಪ್ಪಂದಕ್ಕೆ 5 ಕೋಟಿ ಕೊಟ್ಟು ಒಬ್ಬನನ್ನು ತಂದರೆ ಪುಸ್ತಕದಲ್ಲಿ ವರ್ಷಕ್ಕೆ 1 ಕೋಟಿ ಸವೆಸುತ್ತಾ ಬರ್ತಾರೆ, ನಮ್ಮಲ್ಲಿ ಲಾರಿಗೆ ಡಿಪ್ರಿಸಿಯೇಷನ್ ಹಾಕ್ತೀವಲ್ಲ ಹಾಗೆ. ಆದರೆ ಲಾರಿ ಹಳೇದಾದರೂ ನಿಮ್ಮ ಶೆಡ್ಡಿನಲ್ಲೇ ಇರುತ್ತೆ, ಗುಜರಿಗಾದರೂ ಹೋಗುತ್ತೆ. ಆಟಗಾರನ ಒಪ್ಪಂದ ಮುಗಿದ ದಿನ ಅವನು ಎದ್ದು ಬೇರೆ ಕ್ಲಬ್ಬಿಗೆ ನಡೆಯಬಹುದು, ನಿಮಗೆ ಒಂದು ಪೆನ್ನಿಯೂ ಇಲ್ಲ. ಅದಕ್ಕೇ ಒಪ್ಪಂದ ಎರಡು ವರ್ಷ ಇರುವಾಗಲೇ ಮುಂದುವರಿಸಬೇಕು, ಇಲ್ಲಾ ಮಾರಬೇಕು. ಲೆಸ್ಟರ್ ಎರಡೂ ಮಾಡಲಿಲ್ಲ. ಕಪ್ ಗೆಲ್ಲಿಸಿದ ಟೀಲೆಮನ್ಸ್, ಡಿಫೆಂಡರ್ ಸೊಯುಂಜು ಇಬ್ಬರ ಒಪ್ಪಂದವೂ ಆ ಸೀಸನ್ನಿನ ಕೊನೆಗೆ ಮುಗಿಯುತ್ತಿತ್ತು. ಅರ್ಧ ಮನಸ್ಸು ಸಾಮಾನು ಕಟ್ಟುವುದರಲ್ಲಿರುವವರನ್ನು ಇಟ್ಟುಕೊಂಡು ಕ್ಲಬ್ಬು ಯುದ್ಧಕ್ಕೆ ಹೊರಟಿತ್ತು. (ನೋಟಿಸ್ ಪಿರಿಯಡ್‌ನಲ್ಲಿ ನೀವು ಹೇಗೆ ಕೆಲಸ ಮಾಡ್ತೀರಿ ಅಂತ ನಾನು ಕೇಳಲ್ಲ.)

ಹೊಸಬರನ್ನು ತರಲು ಕೈಯಲ್ಲಿ ಹಣವಿಲ್ಲ. ಮೂರು ವರ್ಷ ಸೇರಿ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ಮಾಡಬಾರದು ಅಂತ ಲೀಗಿನ ನಿಯಮ ಬೇರೆ ಕತ್ತಿನ ಮೇಲೆ. 2022ರ ಬೇಸಿಗೆಯಲ್ಲಿ ಆಗಸ್ಟ್ ಮುಗಿಯುತ್ತಾ ಬಂದರೂ ಹಣ ಕೊಟ್ಟು ಒಬ್ಬ ಆಟಗಾರನನ್ನೂ ತರಲಿಲ್ಲ. ಡಿಫೆಂಡರ್ ಫೊಫಾನಾನನ್ನು ಚೆಲ್ಸಿಗೆ ಸುಮಾರು 7 ಕೋಟಿ ಪೌಂಡಿಗೆ ಮಾರಿದ ಮೇಲೆ ವೌಟ್ ಫಾಸ್ ಬಂದ. ಹನ್ನೊಂದು ವರ್ಷ ಗೋಲು ಕಾದ ಕ್ಯಾಸ್ಪರ್ ಷ್ಮೈಕೆಲ್ ಫ್ರಾನ್ಸಿನ ನೀಸ್ ಕ್ಲಬ್ಬಿಗೆ ಹೋದ. ಅವನ ಜಾಗಕ್ಕೆ ಹೊಸ ಕೀಪರ್‌ನನ್ನು ಕೊಳ್ಳದೆ, ವರ್ಷಗಟ್ಟಲೆ ಬೆಂಚಿನಲ್ಲಿದ್ದ ಡ್ಯಾನಿ ವಾರ್ಡ್‌ಗೆ ಗ್ಲೌಸ್ ಕೊಟ್ಟರು. ಆ ಸೀಸನ್ನಿನ ಸೋಲಿಗೆ ಎಲ್ಲರೂ ಕೋಚ್ ಬ್ರೆಂಡನ್ ರಾಜರ್ಸ್‌ನನ್ನು ಬೈತಾರೆ. ನನ್ನ ಕೇಳಿದರೆ ಎಲ್ಲಕ್ಕಿಂತ ದುಬಾರಿ ಆಗಿದ್ದು ಈ ಉಳಿತಾಯ. ಮನೆಯಲ್ಲಿ ಖರ್ಚು ಜಾಸ್ತಿ ಆಯ್ತು ಅಂತ ಬಾಗಿಲ ಬೀಗ ತರುವುದನ್ನು ಬಿಟ್ಟರು.

ಇದನ್ನೆಲ್ಲ ವಾಟ್ಸ್‌ಆ್ಯಪ್ ಕಾಲ್‌ನಲ್ಲಿ ಅಜ್ಜನಿಗೆ ಹೇಳಿದೆ. ಅವರಿಗೆ ಫುಟ್‌ಬಾಲ್ ಗೊತ್ತಿಲ್ಲ, ಕಾರ್ಖಾನೆ ಗೊತ್ತು. ಸ್ವಲ್ಪ ಹೊತ್ತು ಸುಮ್ನಿದ್ದು ಅಂದರು: ‘ನಮ್ ಮಿಲ್ಲಿಗೆ ಬೀಗ ಹಾಕಕ್ಕಿಂತ ಎರಡು ವರ್ಷ ಮೊದ್ಲು ದೀಪಾವಳಿಗೆ ಡಬಲ್ ಬೋನಸ್ ಕೊಟ್ಟಿದ್ರವ್ವ. ಹೊಸಾ ಗೇಟು, ಗೇಟಿಗೆ ಹೊಸಾ ಬಣ್ಣ. ಒಳಗೆ ಮಿಷನ್ನು ಮಾತ್ರ ಅವೇ ಹಳೇವು. ನಿಮ್ ಅಜ್ಜಿ ಸೀರೆ ತಗಂಡ್ಲು, ನಾನು ಸೈಕಲ್ ತಗಂಡೆ. ಯಾರೂ ಏನೂ ಕೇಳ್ಲಿಲ್ಲ.’ ಆಮೇಲೆ ಅಪ್ಪ ಫೋನ್ ಇಸ್ಕೊಂಡು, ‘ಅದು ಬಿದ್ರೆ ನಿನ್ ಕೆಲ್ಸ ಹೋಗ್ತತೇನವ್ವ?’ ಅಂದರು. ಅವರ ಚಿಂತೆ ಲೋನಿಂದು.

ಕೆಲಸದ ಚಿಂತೆ ನಮ್ಮ ಓಣಿಯಲ್ಲೂ ಶುರುವಾಗಿತ್ತು. ನಮ್ಮಂಥ ಪಾರ್ಟ್‌ಟೈಮ್‌ನವರಿಗಲ್ಲ, ಕಾಯಂ ಇದ್ದವರಿಗೆ. ಮಾಸಿಯ ತಂಗಿ ಮಗ ಕ್ಲಬ್ಬಿನ ಅಂಗಡಿಯಲ್ಲಿ ಜರ್ಸಿ ಮಾರುತ್ತಿದ್ದ. ಮದುವೆ ಗೊತ್ತಾಗಿತ್ತು, ಮನೆ ನೋಡಿ ಇಟ್ಟಿದ್ದ, ಬ್ಯಾಂಕಿನ ಕಾಗದ ರೆಡಿ ಇತ್ತು. ಸಹಿ ಮಾತ್ರ ಮಾಡಿರಲಿಲ್ಲ. ಮೇ 28ರ ತನಕ ಕಾಯ್ತೀನಿ ಅಂದ. ಅದು ಸೀಸನ್ನಿನ ಕೊನೇ ದಿನ.

ಫೆಬ್ರವರಿಯಲ್ಲಿ ಟಾಟನ್‌ಹ್ಯಾಮ್‌ಗೆ ನಾಲ್ಕು ಗೋಲು ಹೊಡೆದಾಗ ಸೌಟುಗಳು ನಾಲ್ಕು ಸಲ ಕುಣಿದವು. ಆಮೇಲೆ ಬರೀ ಮೆರವಣಿಗೆ. ಏಪ್ರಿಲ್ 2ರಂದು ರಾಜರ್ಸ್‌ಗೆ ಗೇಟ್‌ಪಾಸ್. ಒಂದು ವಾರ ಯಾರೂ ಕೋಚ್ ಇಲ್ಲ. ಆ ನಡುವೆ ಬೋರ್ನ್‌ಮತ್ ಬಂದು 1–0ರಲ್ಲಿ ಗೆದ್ದುಕೊಂಡು ಹೋಯಿತು, ಅದೂ ನಮ್ಮ ಮ್ಯಾಡಿಸನ್ನೇ ಹಿಂದಕ್ಕೆ ಕೊಟ್ಟ ದುರ್ಬಲ ಪಾಸಿನಿಂದ. ಎಂಟು ಮ್ಯಾಚ್ ಉಳಿದಿದ್ದಾಗ ಡೀನ್ ಸ್ಮಿತ್ ಬಂದರು.

ಮೇ 1, ಸೋಮವಾರ ರಾತ್ರಿ. ಎದುರಾಳಿ ಎವರ್ಟನ್. ಅವರೂ ಬೀಳುವ ಅಂಚಿನಲ್ಲೇ ಇದ್ದವರು. ಅಂಥಾ ಟೆನ್ಷನ್ ನಾನು ಆ ಓಣಿಯಲ್ಲಿ ಕಂಡಿರಲಿಲ್ಲ. ಜನ ದುಡ್ಡು ಕೊಟ್ಟು ಪೈ ಮರೆತು ಹೋಗ್ತಿದ್ರು. ಮೊದಲು ದೂರದ ಮೂಲೆಯ ಕೂಗು, 0–1. ಆಮೇಲೆ ಸೀಲಿಂಗ್ ಒಂದು ಸಲ ನಡುಗಿತು, ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ. 2–1. ಹಾಫ್‌ಟೈಮ್ ಹತ್ತಿರ ಬಂತು ಅಂದ್ರೆ ನಾವು ಟ್ರೇಗಳನ್ನು ಸಾಲಾಗಿ ಹೊರಗೆ ಎಳೆದಿಡಬೇಕು, ಹದಿನೈದೇ ನಿಮಿಷದಲ್ಲಿ ಇಡೀ ಸ್ಟ್ಯಾಂಡು ಇಳಿದು ಬರುತ್ತೆ. ಕೈಯಲ್ಲಿ ಟ್ರೇ ಹಿಡಿದಿದ್ದೆ, ಮೇಲೆ ಗದ್ದಲ ಎದ್ದಿತು. ‘ಪೆನಾಲ್ಟಿ’ ಅಂದರು ಮಾಸಿ. ಆಮೇಲೆ ನಿಶ್ಶಬ್ದ. 3–1 ಆದರೆ ಮ್ಯಾಚು ನಮ್ಮದೇ. ಸೌಟುಗಳ ಕಡೆ ನೋಡ್ತಾ ನಿಂತೆ.

ಅವು ಅಲುಗಲಿಲ್ಲ. ಮೇಲಿಂದ ಒಂದು ನಿಟ್ಟುಸಿರು ಬಂತು, ಸಾವಿರಾರು ಜನ ಒಟ್ಟಿಗೇ ಬಿಟ್ಟಿದ್ದು. ಮ್ಯಾಡಿಸನ್ ಚೆಂಡನ್ನು ಸೀದಾ ನಡುವೆ ಹೊಡೆದಿದ್ದ. ಎವರ್ಟನ್ ಕೀಪರ್ ಪಿಕ್‌ಫರ್ಡ್ ನಿಂತಲ್ಲೇ ನಿಂತಿದ್ದ. ಲೆಸ್ಟರ್‌ನ ಯಾರು ಯಾವ ಕಡೆ ಹೊಡೀತಾರೆ ಅಂತ ಪಟ್ಟಿ ಮಾಡಿ ಅವನ ನೀರಿನ ಬಾಟಲಿಗೆ ಅಂಟಿಸಿದ್ದರು ಅನ್ನುವುದು ಆಮೇಲೆ ಫೋಟೊ ಸಮೇತ ಹೊರಬಂತು. ಪರೀಕ್ಷೆಗೆ ಚೀಟಿ ಒಯ್ಯುವುದು ಅಲ್ಲಿ ಕಾನೂನುಬದ್ಧ! ಸೆಕೆಂಡ್ ಹಾಫಿನಲ್ಲಿ ಎವರ್ಟನ್ ಸಮ ಮಾಡಿತು. 2–2.

ಕೊನೆಯ ದಿನ, ಮೇ 28. ಲೆಸ್ಟರ್ ಬಳಿ 31 ಪಾಯಿಂಟು, ಎವರ್ಟನ್ ಬಳಿ 33. ನಾವು ವೆಸ್ಟ್ ಹ್ಯಾಮ್ ವಿರುದ್ಧ ಗೆಲ್ಲಬೇಕು, ಅತ್ತ ಲಿವರ್‌ಪೂಲ್ ಊರಿನಲ್ಲಿ ಎವರ್ಟನ್ ಬೋರ್ನ್‌ಮತ್ ವಿರುದ್ಧ ಗೆಲ್ಲಬಾರದು. ಅವರು ಡ್ರಾ ಮಾಡಿಕೊಂಡರೂ ಗೋಲು ವ್ಯತ್ಯಾಸದಲ್ಲಿ ನಾವೇ ಮೇಲೆ. ಹಾಫ್‌ಟೈಮಿಗೆ ನಾವು 1–0 ಮುಂದೆ, ಅಲ್ಲಿ 0–0. ಆ ಹದಿನೈದು ನಿಮಿಷ ಲೆಸ್ಟರ್ ಬಚಾವಾಗಿತ್ತು. ಜನ ಟೀ ಕಪ್ಪುಗಳನ್ನು ಬಿಯರ್ ಗ್ಲಾಸಿನ ಹಾಗೆ ಎತ್ತಿ ಹಿಡಿದರು.

ಸೆಕೆಂಡ್ ಹಾಫಿನಲ್ಲಿ ಗಿರಾಕಿ ಇರಲ್ಲ. ಮಾಸಿ ನನ್ನ ಏಪ್ರನ್ ಹಿಡಿದೆಳೆದು, ‘ಬಾ ಬೇಟಾ, ಇವತ್ತಾದ್ರೂ ನೋಡು’ ಅಂತ ಸ್ಟ್ಯಾಂಡಿಗೆ ಹತ್ತುವ ಮೆಟ್ಟಿಲ ಬಾಯಿಗೆ ಕರ್ಕೊಂಡು ಹೋದರು. ಮ್ಯಾಚ್ ನಡೆಯುವಾಗ ಆ ಹಸಿರನ್ನು ನಾನು ನೋಡಿದ್ದು ಅದೇ ಮೊದಲು. ಎಷ್ಟು ಹತ್ತಿರ ಇತ್ತು ಅಂದ್ರೆ! ಆದರೆ ಸುತ್ತ ಕೂತವರಲ್ಲಿ ಅರ್ಧ ಜನ ಮೈದಾನ ನೋಡುತ್ತಿರಲಿಲ್ಲ, ತಲೆ ಬಗ್ಗಿಸಿ ಮೊಬೈಲ್ ನೋಡುತ್ತಿದ್ದರು. 57ನೇ ನಿಮಿಷಕ್ಕೆ ಎವರ್ಟನ್‌ನ ಡುಕುರೆ ದೂರದಿಂದ ಬಾರಿಸಿದ್ದು ನಮಗೆ ಗೊತ್ತಾಗಿದ್ದೂ ಹಾಗೇ. ಎದುರಿನ ಮೈದಾನದಲ್ಲಿ ಏನೂ ಆಗಿಲ್ಲ, ಸಾಲು ಸಾಲಾಗಿ ಜನ ತಲೆ ಮೇಲೆ ಕೈ ಹೊತ್ತುಕೊಂಡರು. ಐದು ನಿಮಿಷಕ್ಕೆ ಫಾಸ್ ನಮ್ಮ ಎರಡನೇ ಗೋಲು ಹೊಡೆದ. ಎಲ್ಲರೂ ಎದ್ದು ಕೂಗಿದರು, ಕೂಗುತ್ತಲೇ ಮತ್ತೆ ಮೊಬೈಲ್ ನೋಡಿದರು. ನಮ್ಮ ಮ್ಯಾಚು 2–1ರ ಗೆಲುವಿನಲ್ಲಿ ಮುಗಿದರೂ ಅಲ್ಲಿಯದು ಮುಗಿದಿರಲಿಲ್ಲ, ಹತ್ತು ನಿಮಿಷ ಹೆಚ್ಚುವರಿ ಕೊಟ್ಟಿದ್ದರು. ಗೆದ್ದ ತಂಡದ ಜನ ಸೋಲಿನ ಸುದ್ದಿಗೆ ಕಾಯುತ್ತಾ ನಿಂತರು. ಬಂತು.

ಎವರ್ಟನ್ 36, ಲೆಸ್ಟರ್ 34. ಲೆಸ್ಟರ್ ಆ ಸೀಸನ್ನಿನಲ್ಲಿ ಹೊಡೆದಿದ್ದು 51 ಗೋಲು, ಎವರ್ಟನ್ ಬರೀ 34. ಆದರೆ ಲೆಸ್ಟರ್ ಬಿಟ್ಟುಕೊಟ್ಟಿದ್ದು 68. ಬಾಗಿಲ ಬೀಗದ ಮಾತು ಸುಮ್ಮನೆ ಹೇಳಲಿಲ್ಲ ನಾನು. ಮಾಸಿ ಮಾತ್ರ ಆ ಪೆನಾಲ್ಟಿಯನ್ನೇ ಹಿಡಿದು ಕೂತರು. ಅದೊಂದು ಒಳಗೆ ಹೋಗಿ ಆ ಮ್ಯಾಚ್ ಗೆದ್ದಿದ್ದರೆ ಲೆಸ್ಟರ್ 36, ಎವರ್ಟನ್ 35. ಲೆಕ್ಕ ಸರಿ ಇದೆ. ಆದರೆ 38 ಮ್ಯಾಚಿನ ಲೆಡ್ಜರಿನಲ್ಲಿ ಅದೊಂದು ಎಂಟ್ರಿ ಅಷ್ಟೇ.

ಬೇಸಿಗೆಯಲ್ಲಿ ಮನೆ ಖಾಲಿಯಾಯಿತು. ಮ್ಯಾಡಿಸನ್ ಸುಮಾರು 4 ಕೋಟಿ ಪೌಂಡಿಗೆ ಟಾಟನ್‌ಹ್ಯಾಮ್‌ಗೆ, ಬಾರ್ನ್ಸ್ ಹೆಚ್ಚುಕಡಿಮೆ ಅಷ್ಟಕ್ಕೇ ನ್ಯೂಕಾಸಲ್‌ಗೆ. ಟೀಲೆಮನ್ಸ್ ಆಸ್ಟನ್ ವಿಲ್ಲಾಗೆ, ಸೊಯುಂಜು ಅಟ್ಲೆಟಿಕೊ ಮ್ಯಾಡ್ರಿಡ್‌ಗೆ, ಇಬ್ಬರೂ ಬಿಡಿಗಾಸಿಲ್ಲದೆ. ಯಾರಿಗೂ ಕೆಲಸ ಹೋಗಲಿಲ್ಲ, ಗಮನಿಸಿ. ಬಿದ್ದ ತಂಡದ ಆಟಗಾರರಲ್ಲಿ ಒಳ್ಳೆಯವರು ಮೇಲೇ ಉಳಿದರು. ಬಿದ್ದಿದ್ದು ಕ್ಲಬ್ಬು ಮತ್ತು ಊರು. ಬಿದ್ದವರಿಗೆ ‘ಪ್ಯಾರಾಚೂಟ್’ ಅಂತ ಒಂದು ಹಣ ಇದೆ: ಮೇಲಿನ ಕ್ಲಬ್ಬುಗಳು ಸಮನಾಗಿ ಹಂಚಿಕೊಳ್ಳುವ ಟಿವಿ ಹಣದ ಪಾಲಿನಲ್ಲಿ ಮೊದಲ ವರ್ಷ ಶೇ 55, ಎರಡನೇ ವರ್ಷ ಶೇ 45. ಸಂಬಳಗಳ ಮುಂದೆ ಅದೂ ಸಾಲದು.

ಮಾಸಿಯ ತಂಗಿ ಮಗನ ಕೆಲಸ ಉಳಿಯಿತು. ಆದರೆ ಸಹಿ ಮಾಡಲಿಲ್ಲ, ಇನ್ನೂ ಒಂದು ವರ್ಷ ನೋಡ್ತೀನಿ ಅಂದ. ಮದುವೆ ಆಗಿ ಬಾಡಿಗೆ ಮನೆಗೆ ಹೋದ. ನಮಗೆ? ತಮಾಷೆ ಕೇಳಿ. ಪ್ರೀಮಿಯರ್ ಲೀಗಿನಲ್ಲಿ ಒಂದು ತಂಡಕ್ಕೆ 38 ಮ್ಯಾಚು, ಅದರಲ್ಲಿ ತವರಿನಲ್ಲಿ 19. ಚಾಂಪಿಯನ್‌ಷಿಪ್‌ನಲ್ಲಿ 46 ಮ್ಯಾಚು, ತವರಿನಲ್ಲಿ 23. ಪೈ ಮಾರುವವರಿಗೆ ನಾಲ್ಕು ದಿನದ ಕೂಲಿ ಹೆಚ್ಚಾಯಿತು! ಅಪ್ಪನಿಗೆ ಹೇಳಿದಾಗ ಅವರು ನಂಬಲೇ ಇಲ್ಲ, ಎರಡು ಸಲ ಕೇಳಿದರು. ಆಗಸ್ಟ್ 6ರಂದು ಕೆಳಗಿನ ಲೀಗಿನ ಮೊದಲ ಮ್ಯಾಚು, ಪಕ್ಕದೂರಿನ ಕವೆಂಟ್ರಿ ಮೇಲೆ. 0–1 ಹಿಂದಿದ್ದು ಕೊನೇ ಕಾಲು ಗಂಟೆಯಲ್ಲಿ ಎರಡು ಹೊಡೆದು ಗೆದ್ದರು. ಸೌಟುಗಳಿಗೆ ಲೀಗು ಯಾವುದು ಅಂತ ಗೊತ್ತಾಗಲಿಲ್ಲ.

ಕೋರ್ಸ್ ಮುಗಿಸಿ ನಾನು ಬೆಂಗಳೂರಿಗೆ ಬಂದೆ, ಆಡಿಟ್ ಕೆಲಸ. 2024ರಲ್ಲಿ ಆ ಬಿದ್ದ ವರ್ಷದ ಲೆಕ್ಕಪತ್ರ ಹೊರಬಂದಾಗ ಲಂಚ್ ಬ್ರೇಕಿನಲ್ಲಿ ಕೂತು ಓದಿದೆ. ಆದಾಯ ಸುಮಾರು 17.7 ಕೋಟಿ ಪೌಂಡ್, ಸಂಬಳದ ಖರ್ಚು 20.6 ಕೋಟಿ. ನೂರು ರೂಪಾಯಿ ದುಡಿದು ಸಂಬಳಕ್ಕೇ 116 ಕೊಟ್ಟಿದ್ದಾರೆ. ನಷ್ಟ ಸುಮಾರು 9 ಕೋಟಿ. ನನ್ನ 9 ಪೌಂಡ್ 50 ಪೆನ್ಸ್ ಏಜೆನ್ಸಿಯ ಬಿಲ್ಲಿನೊಳಗೆ ಎಲ್ಲೋ ಕೂತಿರುತ್ತೆ, ಸಂಬಳದ ಸಾಲಿನಲ್ಲೂ ಇರಲ್ಲ.

ಆ ಸೀಸನ್ನಿನಲ್ಲಿ ತಂಡ 97 ಪಾಯಿಂಟ್ ಗಳಿಸಿ ಚಾಂಪಿಯನ್‌ಷಿಪ್ ಗೆದ್ದು ಮೇಲೆ ಬಂತು. ಗೆಲ್ಲಿಸಿದ ಕೋಚ್ ಮರೆಸ್ಕಾನನ್ನು ಚೆಲ್ಸಿಯವರು ಕರೆದುಕೊಂಡು ಹೋದರು. ಮುಂದಿನ ವರ್ಷ ತವರಿನಲ್ಲಿ ಸಾಲಾಗಿ ಒಂಬತ್ತು ಲೀಗ್ ಮ್ಯಾಚುಗಳಲ್ಲಿ ಒಂದೇ ಒಂದು ಗೋಲು ಹೊಡೆಯಲಿಲ್ಲ. ಒಂಬತ್ತು ಮ್ಯಾಚು ಆ ಸೀಲಿಂಗ್ ನಡುಗಲಿಲ್ಲ ಅಂತ ಯೋಚಿಸಿದರೆ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತೆ. 2025ರ ಏಪ್ರಿಲ್ 20, ಈಸ್ಟರ್ ಭಾನುವಾರ, ಲಿವರ್‌ಪೂಲ್ ವಿರುದ್ಧ 0–1ರಲ್ಲಿ ಸೋತು ಮತ್ತೆ ಕೆಳಕ್ಕೆ. ಇಲ್ಲಿ ರಾತ್ರಿ ಹನ್ನೊಂದು ದಾಟಿತ್ತು. ಮಾಸಿಗೆ ಏನು ಮೆಸೇಜ್ ಹಾಕೋದು ಅಂತ ಟೈಪ್ ಮಾಡೋದು, ಅಳಿಸೋದು ಮಾಡ್ತಾ ಕೂತಿದ್ದೆ. ಅವರದ್ದೇ ಬಂತು.

‘ಮತ್ತೆ 23 ಮ್ಯಾಚು, ಬೇಟಾ.’